ಶೀಲತ್ತಿಯ ಎಕ್ಕದ ಗಿಡ

ಶನಿವಾರ ಬೆಳಿಗ್ಗೆ ಮೈಲೂರ ರಸ್ತೆಯ ಹನುಮಪ್ಪನ ಗುಡಿ ಮುಂದೆ ಒಬ್ಬ ಹೆಂಗಸು ಎಕ್ಕದ ಎಲೆಯ ಮಾಲೆ ಕಟ್ಟುತ್ತ ಕೂತಿರುತ್ತಾಳೆ. ತೊಟ್ಟು ಮುರಿದಾಗಲೆಲ್ಲ ಬಿಳಿ ಹಾಲು ಸೋರಿ ಆಕೆಯ ಬೆರಳಿಗೆ ಅಂಟುತ್ತದೆ, ಒಂದು ಹಸಿ ಕಟು ವಾಸನೆ ಏಳುತ್ತದೆ. ಊದಿನಕಡ್ಡಿ, ಮಿರ್ಚಿ ಭಜಿಯ ಎಣ್ಣೆ, ಆಟೋದ ಹೊಗೆ ಎಲ್ಲದರ ನಡುವೆಯೂ ನನ್ನ ಹಾಳು ಮೂಗು ಅದೊಂದನ್ನೇ ಹುಡುಕಿ ತೆಗೆಯುತ್ತದೆ. ನನಗೆ ದೇವರ ಮೇಲೆ ಭಕ್ತಿಯಿಲ್ಲ, ಎಲೆಯ ಮೇಲೆ ಸಿಟ್ಟೂ ಇಲ್ಲ. ಆದರೂ ಆ ಜಾಗ ಬಂತೆಂದರೆ ಆಟೋದವನಿಗೆ "ಲಗೂ ಹೊಡಿಯಪಾ" ಅನ್ನುತ್ತೇನೆ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ, ಇಲ್ಲ ಅನ್ನಬೇಡಿ. ಬಿದ್ದುಹೋದ ಮನೆಯೊಂದು ಎಲ್ಲರಿಗೂ ಇರುತ್ತದೆ, ಅದು ಮೂಗಿನೊಳಗೆ ಮಾತ್ರ ಬೀಳದೆ ನಿಂತಿರುತ್ತದೆ.

ನಮ್ಮ ಮನೆ ಮೈಲೂರಿನಲ್ಲೇ ಇತ್ತು. ರಸ್ತೆ ಅಗಲ ಮಾಡುವಾಗ ಅಂಗಳ ಹೋಯಿತು, ಉಳಿದದ್ದನ್ನು ಅಪ್ಪ ಮಾರಿದ, ಈಗ ಅಲ್ಲಿ ಮೊಬೈಲ್ ಅಂಗಡಿಯಿದೆ. ತೂತು ತೂತಿನ ಕೆಂಪು ಕಲ್ಲಿನ ಗೋಡೆ, ಮುಂದೆ ಉದ್ದನೆಯ ಅಂಗಳ, ಮೂಲೆಯಲ್ಲಿ ಬಚ್ಚಲು, ಅದರ ನೀರು ಹರಿದು ಸದಾ ಒದ್ದೆಯಾಗಿರುವ ಮಣ್ಣು. ಅಜ್ಜನ ಕಾಲದಲ್ಲೇ ಮನೆಯವರು ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ದೇವರ ಗೂಡಿನಲ್ಲಿ ದೇವರಿರಲಿಲ್ಲ, ಕಣ್ಣು ಮುಚ್ಚಿದ ಬುದ್ಧನ ಸಣ್ಣ ಮೂರ್ತಿ ಇತ್ತು. ಅಪ್ಪ ಮನ್ನಳ್ಳಿಯ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಮಂಗಳವಾರವೇ ಹುಡುಕಿ ಕಟಿಂಗ್ ಮಾಡಿಸಿಕೊಳ್ಳುವ, ಅಮಾವಾಸ್ಯೆಯ ದಿನವೇ ಹೊಸ ಅಂಗಿ ಹಾಕುವ ಮನುಷ್ಯ. ಬೆಕ್ಕು ಅಡ್ಡ ಬಂದರೆ ನಿಂತು ಅದಕ್ಕೆ ನಮಸ್ಕಾರ ಮಾಡಿ ಹೋಗುತ್ತಿದ್ದ. "ದೇವರನ್ನೇ ಬಿಟ್ಟೀವಿ, ಇನ್ನ ದೆವ್ವದ ಅಂಜಿಕಿ ಯಾಕ?" ಎನ್ನುವುದು ಆತನ ಮಾತು. ಅಜ್ಜಿಗೆ, ನಾವು ಆಯಿ ಅನ್ನುತ್ತಿದ್ದೆವು, ಈ ಮಾತು ಹಿಡಿಸುತ್ತಿರಲಿಲ್ಲ. ದೀಕ್ಷೆ ಆಕೆಯೂ ತೆಗೆದುಕೊಂಡಿದ್ದಳು, ಅಂಜಿಕೆಯನ್ನು ಮಾತ್ರ ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದಳು.

ಶೀಲತ್ತಿ ಅಪ್ಪನ ತಂಗಿ. ಆಕೆಯನ್ನು ಔರಾದಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ ಎಂದು ಗಂಡ ಬೇರೊಬ್ಬಳನ್ನು ತಂದ, ಈಕೆ ಒಂದು ಟ್ರಂಕು ಹಿಡಿದು ಬಸ್ಸು ಹತ್ತಿ ಬಂದಳು. ಬಾಗಿಲಲ್ಲಿ ನಿಂತ ಮಗಳನ್ನು ಆಯಿ ಮೇಲಿಂದ ಕೆಳಗೆ ನೋಡಿ, "ಬಂದಿ? ಬಾ. ಕೈಕಾಲು ತೊಳ್ಕೊಂಡು ರೊಟ್ಟಿ ಬಡಿ" ಎಂದಳು. ಅಷ್ಟೇ ಸ್ವಾಗತ. ಮರುದಿನದಿಂದ ಮನೆಯ ರೊಟ್ಟಿಯೆಲ್ಲ ಶೀಲತ್ತಿಯ ಕೈಯದು. ಅವ್ವ ಅಂಗನವಾಡಿ ಟೀಚರ್ ಆಗಿದ್ದಳು. ತಮ್ಮ ಆನಂದ ಹುಟ್ಟಿದ ಮೇಲೆ ಆತನ ಸ್ನಾನ, ಊಟ, ನಿದ್ದೆಯೂ ಶೀಲತ್ತಿಗೇ ಬಂತು. ಅವ್ವ ಊರವರ ಮಕ್ಕಳನ್ನು ಆಡಿಸಲು ಹೋದರೆ ಅವ್ವನ ಮಗ ಈಕೆಯ ಸೊಂಟದ ಮೇಲಿರುತ್ತಿದ್ದ. ತವರಿನಲ್ಲಿ ಮರಳಿ ಬಂದ ಮಗಳಿಗೆ ಸಿಗುವ ಜಾಗ ಬಾಗಿಲ ಬದಿಯದು, ಯಾವಾಗ ಬೇಕಾದರೂ ಎಬ್ಬಿಸಬಹುದು. ಅದು ಆಕೆಗೆ ಗೊತ್ತಿತ್ತು, ಅದಕ್ಕೇ ಕೂಡುವುದೇ ಕಡಿಮೆ.

ಬಚ್ಚಲ ಬದಿಯ ಗೋಡೆಗೆ ಅಂಟಿ ಒಂದು ಎಕ್ಕದ ಗಿಡ ತಾನಾಗಿ ಎದ್ದಿತ್ತು. ಅದನ್ನು ಕಂಡು ಆಯಿ ಎದೆ ಬಡಿದುಕೊಂಡಳು. ನಮ್ಮ ಕಡೆ ಹೆಂಗಸರು ನೆಟಿಕೆ ಮುರಿದು ಬೈಯುವಾಗ "ನಿನ್ನ ಮನ್ಯಾಗ ಎಕ್ಕಿ ಹುಟ್ಟಲಿ" ಅನ್ನುತ್ತಾರೆ. ಅಂದರೆ ನಿನ್ನ ವಂಶ ಹೋಗಲಿ, ಮನೆ ಪಾಳು ಬಿದ್ದು ಅಂಗಳದಲ್ಲಿ ಕಾಡುಗಿಡ ಬೆಳೆಯಲಿ ಎಂದು. ಅಂಥ ಬೈಗುಳ ಬೇರು ಬಿಟ್ಟು ಅಂಗಳಕ್ಕೇ ಬಂದರೆ ಆಯಿ ಸುಮ್ಮನಿರುತ್ತಾಳೆಯೇ? "ಕಿತ್ತಿ ಒಗಿ, ಮದ್ಲ ಕಿತ್ತಿ ಒಗಿ" ಎಂದು ಶೀಲತ್ತಿಯನ್ನು ಓಡಿಸಿದಳು. ಆಕೆ ಬುಡಕ್ಕೆ ಕೈ ಹಾಕುವಷ್ಟರಲ್ಲಿ ಅಪ್ಪ ಬಂದ. ಒಂದು ಎಲೆಯನ್ನು ಮಗುಚಿ, ಅದರ ಬೆನ್ನಿಗೆ ಅಂಟಿದ್ದ ಜೋಳದ ನುಚ್ಚಿಗಿಂತ ಸಣ್ಣ ಬಿಳಿ ಕಾಳೊಂದನ್ನು ತೋರಿಸಿದ. "ಶೀಲಾ, ಇದು ಪಾತರಗಿತ್ತಿ ತತ್ತಿ. ಕೇಸರಿ ರೆಕ್ಕಿದು, ಕರಿ ಅಂಚಿಂದು ಬರ್ತದಲ್ಲ, ಅದಕ್ಕ ಎಕ್ಕಿ ಬಿಟ್ಟು ಬ್ಯಾರೆ ತೊಟ್ಟಿಲಿಲ್ಲ. ಕೀಳಬ್ಯಾಡ, ಸಾಕು. ನೋಡ್ಲಿಕ್ಕ ಮಜಾ ಬರ್ತದ." ಆಯಿ ಗೊಣಗಿದಳು, ಆದರೆ ಸಂಬಳ ತರುವ ಮಗನ ಮಾತು, ಗಿಡ ಉಳಿಯಿತು.

ಅದರ ಮುಂದಿನ ದಿನಗಳೇ ನನ್ನ ಬಾಲ್ಯ ಅನ್ನಬಹುದು. ಎಲೆಯ ಮೇಲೆ ಕಪ್ಪು ಹಳದಿ ಬಿಳಿ ಪಟ್ಟೆಯ ಹುಳುಗಳು ಬೆಳೆದವು. ಕೋಳಿ, ಹಲ್ಲಿ ತಿಂದಾವೆಂದು ಶೀಲತ್ತಿ ಅವನ್ನು ರೊಟ್ಟಿಯ ಬುಟ್ಟಿಗೆ ಹಾಕಿ ಅವ್ವನ ಹಳೆಯ ಸೀರೆಯ ತುಂಡು ಕಟ್ಟುವಳು, ದಿನವೂ ಎಳೆಯ ಎಲೆ ಹಾಕುವಳು. ಎಕ್ಕದ ಹಾಲು ಕಣ್ಣಿಗೆ ಹೋದರೆ ಕೆಡುಕು ಎಂದು ಅಪ್ಪ ಹೇಳಿದ್ದ. ಎಲೆ ಮುಟ್ಟಿದ ಮೇಲೆ ಬೂದಿ ಹಚ್ಚಿ, ಸಾಬೂನು ಹಚ್ಚಿ, ಚರ್ಮ ಕೆಂಪಾಗುವಷ್ಟು ಕೈ ತಿಕ್ಕಿ ತೊಳೆದೇ ಆಕೆ ಆನಂದನನ್ನು ಎತ್ತಿಕೊಳ್ಳುತ್ತಿದ್ದಳು. ಬುಟ್ಟಿಯ ಅಂಚಿಗೆ ತಲೆಕೆಳಗಾಗಿ ಜೋತು ಹುಳು ಹಸಿರು ಕೋಶವಾಗುತ್ತಿತ್ತು, ಅದರ ಮೇಲೆ ಚಿನ್ನದ ಚುಕ್ಕೆ. ಅಪ್ಪನ ಪುಸ್ತಕದ ಹೆಸರು ಆಕೆಗೆ ಬೇಕಿರಲಿಲ್ಲ, ಅದನ್ನು 'ಝುಮಕಿ' ಅನ್ನುತ್ತಿದ್ದಳು. ಔರಾದದಲ್ಲಿ ಆಕೆಯ ಕಿವಿಯ ಝುಮಕಿಯನ್ನು ಬಿಚ್ಚಿಸಿಕೊಂಡೇ ಕಳಿಸಿದ್ದರು. ಬೇರೆ ಪಾತರಗಿತ್ತಿಗಳಿಗೆಂದು ನಿಂಬೆಯ ಸಸಿ ಬಂತು, ಕರಿಬೇವು ಬಂತು, ಚೆಂಡುಹೂವಿನ ಸಾಲು ಬಂತು. ಬಚ್ಚಲ ಒದ್ದೆ ಮಣ್ಣಿನ ಮೇಲೆ ಬಿಸಿಲ ಹೊತ್ತಿನಲ್ಲಿ ಪಾತರಗಿತ್ತಿಗಳು ಗುಂಪುಗೂಡಿ ನೀರು ಹೀರುತ್ತಿದ್ದವು. ಪಕ್ಕದ ಮನೆಯ ಖೈರುನ್ ಖಾಲಾ ಗೋಡೆಯ ಮೇಲಿಂದ ಇಣುಕಿ, "ಕ್ಯಾ ಶೀಲಾ, ತಿತ್ಲಿಯಾಂಕಿ ದುಕಾನ್ ಖೋಲೀ ಕ್ಯಾ?" ಪಾತರಗಿತ್ತಿಯ ಅಂಗಡಿ ತೆರೆದೆಯಾ ಎಂದು ನಗುತ್ತಿದ್ದಳು.

ಎಲ್ಲವೂ ಚೆಂದವೇ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಕೆಲವು ಝುಮಕಿಗಳು ಕಪ್ಪಾಗಿ ಕೊಳೆಯುತ್ತಿದ್ದವು, ಅವುಗಳಿಂದ ಪಾತರಗಿತ್ತಿಯ ಬದಲು ನೊಣ ಹೊರಬರುತ್ತಿತ್ತು. ನಾನು ಅಸಹ್ಯಪಟ್ಟರೆ ಶೀಲತ್ತಿ ತನ್ನ ಮೇಲೇ ತಪ್ಪು ಎಳೆದುಕೊಳ್ಳುವಳು, "ನಾನೇ ಸರಿ ನೋಡಿಲ್ಲ ಕಾಣಸ್ತದ" ಅನ್ನುವಳು. ಆದರೆ ಒಂದು ಬೆಳಿಗ್ಗೆ ಸೀರೆಯ ತುಂಡು ಬಿಚ್ಚಿದಾಗ ಆಗಷ್ಟೇ ಹೊರಬಂದ ಒಂದು, ಮುದುಡಿದ ಒದ್ದೆ ರೆಕ್ಕೆ ಬಿಚ್ಚುತ್ತ, ಆನಂದನ ಮುಷ್ಟಿಯ ಮೇಲೆ ಹತ್ತಿ ಕೂತಿತು. ಆತ ಉಸಿರು ಬಿಗಿಹಿಡಿದು ನೋಡಿದ. ಶೀಲತ್ತಿ ಆತನ ನೆತ್ತಿಗೆ ಗಲ್ಲ ಒತ್ತಿ ಕಣ್ಣು ಮುಚ್ಚಿಕೊಂಡಳು. ಆಕೆಯಷ್ಟು ಸುಖವಾಗಿದ್ದ ಮನುಷ್ಯರನ್ನು ನಾನು ಮುಂದೆ ಎಲ್ಲೂ ನೋಡಲಿಲ್ಲ.

ಆ ಮಳೆಗಾಲದಲ್ಲಿ ನಲ್ಲಿಯ ನೀರು ಮಣ್ಣಿನ ಬಣ್ಣದ್ದಾಯಿತು, ವಾಸನೆ ಬರತೊಡಗಿತು. ಎಲ್ಲೋ ಪೈಪು ಒಡೆದು ಗಟಾರ ಕೂಡಿತ್ತು. ಓಣಿಯಲ್ಲಿ ಮನೆಮನೆಗೆ ವಾಂತಿಭೇದಿ. ಖಾಲಾಳ ಮಗಳು ಮಲಗಿದಳು, ನಾನು ಮಲಗಿದೆ, ಆಮೇಲೆ ಆನಂದ. ನಾವಿಬ್ಬರು ಎದ್ದೆವು. ಆನಂದನನ್ನು ದವಾಖಾನೆಗೆ ಒಯ್ದಾಗ ಹೊತ್ತು ಮೀರಿತ್ತು. ಮೈಯಲ್ಲಿ ಹನಿ ನೀರಿಲ್ಲದೆ, ಅಳಲೂ ಶಕ್ತಿಯಿಲ್ಲದೆ, ಆ ಮಧ್ಯಾಹ್ನ ತಮ್ಮ ಹೋಗಿಬಿಟ್ಟ. ಡಾಕ್ಟರು ಅಪ್ಪನ ಮುಂದೆಯೇ "ನೀರಿನಿಂದ ಆಗ್ಯದ್ರಿ ಮಾಸ್ತರ, ಕುದಿಸಿ ಕುಡೀರಿ" ಎಂದರು. ಅಪ್ಪ ಮನೆಗೆ ಬಂದು ನಮಗೆಲ್ಲ ಅದನ್ನೇ ಹೇಳಿದ. ಆದ್ದರಿಂದ ಆತನಿಗೆ ಗೊತ್ತಿರಲಿಲ್ಲ ಎಂದು ಯಾರೂ ನನ್ನ ಮುಂದೆ ಅನ್ನಬಾರದು.

ಮಾತಾಡಿಸಲು ಬಂದ ನೆಂಟರಲ್ಲಿ ಆಯಿಯ ತಂಗಿಯೂ ಇದ್ದಳು, ಭಾತಂಬ್ರಾದಾಕೆ. ಅಂಗಳದಲ್ಲಿ ಕಾಲಿಟ್ಟವಳೇ ಎಕ್ಕ ಕಂಡು ನಿಂತುಬಿಟ್ಟಳು. "ಅಯ್ಯ ನನ ಶಿವನ! ಅಂಗಳದಾಗ ಎಕ್ಕಿ ಇಟ್ಕೊಂಡು ಕೂಸು ಹೋಯ್ತಂತ ಅಳ್ತೀರಿ?" ಆಯಿ ಅಳು ನಿಲ್ಲಿಸಿ ತಲೆ ಎತ್ತಿದಳು. "ಹುಟ್ಟಿದ್ದಲ್ಲ ತಂಗಿ, ಸಾಕ್ಯಾಳ. ನೀರು ಹಾಕಿ ಸಾಕ್ಯಾಳ. ಅದೇ ಕೈಲೇ ಕೂಸಿಗೆ ಉಣಸ್ಯಾಳ." ಮನೆ ತುಂಬ ಹೆಂಗಸರು, ಎಲ್ಲರ ಕಣ್ಣೂ ಒಲೆಯ ಮುಂದೆ ಕೂತ ಶೀಲತ್ತಿಯ ಮೇಲೆ. ಖಾಲಾ ಒಬ್ಬಳೇ ಎದ್ದು ನಿಂತು ಜಗಳ ತೆಗೆದಳು. "ಝಾಡ್ ಕ್ಯಾ ಕರ್ತಾ ಜಿ? ಪಾನಿ ಖರಾಬ್ ಹೈ! ಗಿಡಾ ಏನ್ ಮಾಡ್ತದ್ರಿ, ನೀರು ಕೆಟ್ಟದ! ನಮ್ಮ ಮನ್ಯಾಗ ಎಕ್ಕಿ ಇಲ್ಲ, ನನ ಮಗಳು ಯಾಕ ಮಲಗಿದ್ಲು?" ಅವ್ವ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವ್ವನನ್ನು ನಾನು ದೂರುವುದಿಲ್ಲ, ಎದೆಯ ಹಾಲು ಇನ್ನೂ ಬತ್ತದೆ ಕುಪ್ಪಸ ತೋಯುತ್ತಿದ್ದ ಹೆಂಗಸು ಆಕೆ. ಶೀಲತ್ತಿ ಅಪ್ಪನನ್ನು ನೋಡಿದಳು. ಕೀಳಬ್ಯಾಡ, ಸಾಕು ಎಂದವನು ಆತನೇ ಅಲ್ಲವೇ? ಒಂದು ಮಾತು ಸಾಕಿತ್ತು. ಅಪ್ಪ ಎದ್ದ, ಮೂಲೆಯಿಂದ ಗುದ್ದಲಿ ತೆಗೆದುಕೊಂಡ, ಬಚ್ಚಲ ಬದಿಗೆ ಹೋಗಿ ಆ ಗಿಡವನ್ನು ಬೇರು ಸಮೇತ ಅಗೆದು ಹಾಕಿದ.

ಅಂಗಳದ ತುಂಬ ಅದರ ವಾಸನೆ ಹಬ್ಬಿತು. ಬಿದ್ದ ಎಲೆಗಳ ಮೇಲೆ ಹುಳುಗಳು ಇನ್ನೂ ತಿನ್ನುತ್ತಲೇ ಇದ್ದವು, ಅವುಗಳಿಗೇನು ತಿಳಿಯಬೇಕು. ಕೋಳಿಗಳು ಬಂದವು. ಬುಟ್ಟಿಯಲ್ಲಿ ಜೋತಿದ್ದ ಝುಮಕಿಗಳನ್ನು ಆಯಿ ಬುಟ್ಟಿ ಸಮೇತ ಒಲೆಗೆ ಹಾಕಿದಳು. ಶೀಲತ್ತಿ ಅತ್ತಿದ್ದು ನನಗೆ ನೆನಪಿಲ್ಲ. ಆಕೆ ತನ್ನ ಅಂಗೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು ನೋಡುತ್ತಿದ್ದಳು.

ಶೀಲತ್ತಿಗೆ ಮತ್ತೊಂದು ಸಂಬಂಧವನ್ನು ತಂದವಳೂ ಅದೇ ಭಾತಂಬ್ರಾದಾಕೆ. ಅವಳ ಊರಿನವನೇ, ಹೆಂಡತಿ ಸತ್ತ ರೈತ, ಶಾಲೆಗೆ ಹೋಗುವ ಒಬ್ಬ ಮಗಳು. ಮಳೆ ನಿಲ್ಲುವ ಮೊದಲೇ ಶೀಲತ್ತಿಯನ್ನು ಅದೇ ಟ್ರಂಕಿನೊಂದಿಗೆ ಭಾಲ್ಕಿ ಬಸ್ಸು ಹತ್ತಿಸಿದರು. ಬಾಗಿಲ ಬದಿಯ ಜಾಗ ಖಾಲಿಯಾಯಿತು. ಅಪ್ಪ ಮನ್ನಳ್ಳಿಗೆ ಹೋಗಿ ಪಾಠ ಮಾಡುತ್ತಲೇ ಇದ್ದ. ಚಿಟ್ಟೆಯ ಜೀವನಚಕ್ರ ಎಂದು ಬೋರ್ಡಿನ ಮೇಲೆ ಬರೆಯುವಾಗ ಆತನ ಕೈಗೆ ಏನನ್ನಿಸುತ್ತಿತ್ತೋ, ನಾನು ಕೇಳಲಿಲ್ಲ, ಆತ ಹೇಳಲಿಲ್ಲ. ನಿಂಬೆ, ಕರಿಬೇವು ಇದ್ದವು, ಅವುಗಳ ಮೇಲೂ ಹುಳುಗಳು ಬಂದವು, ಆಯಿ ಒಂದೊಂದನ್ನೂ ಕಲ್ಲಿನಿಂದ ಜಜ್ಜಿದಳು.

ನನಗೆ ಮಗಳು ಹುಟ್ಟಿದ ವರ್ಷ ಭಾಲ್ಕಿಯ ಒಂದು ಮದುವೆಯಲ್ಲಿ ಶೀಲತ್ತಿ ಸಿಕ್ಕಳು. ಕೂದಲು ಬೆಳ್ಳಗಾಗಿತ್ತು. "ಅತ್ತಿ, ನೋಡು ನಿನ ಮೊಮ್ಮಗಳು" ಎಂದು ಕೂಸನ್ನು ಆಕೆಯ ಮಡಿಲಿಗೆ ಚಾಚಿದೆ. ಆಕೆ ಬೆಂಕಿ ಕಂಡವರಂತೆ ಹಿಂದೆ ಸರಿದಳು. "ಬ್ಯಾಡವ್ವ, ಕೈ ತೊಳದಿಲ್ಲ" ಎಂದಳು. ಆಗಷ್ಟೇ ಊಟ ಮಾಡಿ ಕೈ ತೊಳೆದುಕೊಂಡು ಬಂದಿದ್ದನ್ನು ನಾನೇ ನೋಡಿದ್ದೆ. ನನಗೆ ಸಿಟ್ಟು ಬಂತು. ಒಲ್ಲೆ ಅಂದರೆ ಬಿಡು ತಾಯಿ, ನಿನಗೆ ನಾವು ಬೇಡವಾದೆವು ಎಂದುಕೊಂಡು ಎದ್ದು ಬಂದೆ.

ಹೋದ ಚಳಿಗಾಲದಲ್ಲಿ ಶೀಲತ್ತಿ ತೀರಿಕೊಂಡಳು. ಅಪ್ಪನಿಗೆ ಈಗ ಎಂಬತ್ತರ ಹತ್ತಿರ, ಕೈಹಿಡಿದೇ ಭಾತಂಬ್ರಾಕ್ಕೆ ಕರೆದೊಯ್ದೆ. ಮಣ್ಣು ಮಾಡಿ ಬಂದು ಅಂಗಳದಲ್ಲಿ ಕೂತೆವು. ಎಲ್ಲೆಲ್ಲೂ ಸಿಮೆಂಟು, ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಆಕೆಯ ಗಂಡನ ಮಗಳು ಸವಿತಾ, ಈಗ ತಾನೂ ಎರಡು ಮಕ್ಕಳ ತಾಯಿ, ಅಪ್ಪನಿಗೆ ತಂಬಿಗೆಯಲ್ಲಿ ನೀರು ತಂದಿಟ್ಟು ನಮ್ಮೆದುರು ಕೂತು ಅತ್ತಳು. "ನನ್ನ ಹಡೆದ ತಾಯಿಗಿಂತ ಹೆಚ್ಚು ನೋಡ್ಕೊಂಡಾಳ್ರಿ ಅಕ್ಕಾ. ಆದ್ರ ಒಂದು ಮಾತು ಮನಸಿನಾಗ ಉಳೀತು. ನನ್ನ ಮಕ್ಕಳನ್ನ ಒಂದು ದಿನಾನೂ ಎತ್ಕೊಂಡಿಲ್ಲ. ಎಳೀ ಕೂಸು ಕಂಡ್ರ ಕೈ ಹಿಂದ ಕಟ್ಕೊಂಡು ದೂರ ನಿಂದರ್ತಿದ್ಲು, ನೋಡ್ತಿದ್ಲು, ಕಣ್ಣು ತುಂಬ ನೋಡ್ತಿದ್ಲು. ಯಾಕವ್ವ ಅಂತ ಕೇಳಿದ್ರ, 'ನನ್ನ ಕೈಯಾಗ ಎಕ್ಕಿ ಹಾಲು ಅದ, ಎಷ್ಟು ತೊಳದ್ರೂ ಹೋಗಲ್ದು' ಅಂತಿದ್ಲು. ನಮಗ ಏನೂ ತಿಳೀಲಿಲ್ಲ. ಹಂಗಂದ್ರ ಏನ್ರಿ ಮಾಮಾ?"

ಅಪ್ಪ ಸಿಮೆಂಟಿನ ನೆಲ ನೋಡಿದ.

"ನೀರು ಕೆಟ್ಟಿತ್ತವ್ವ," ಎಂದ.

ಸವಿತಾ ಗಾಬರಿಯಾಗಿ ಕಣ್ಣೊರೆಸಿಕೊಂಡು, ತಂಬಿಗೆಯನ್ನು ಆತನ ಹತ್ತಿರಕ್ಕೆ ಸರಿಸಿದಳು.

"ಇಲ್ರಿ ಮಾಮಾ, ಇದು ನಮ್ಮ ಬೋರಿನ ನೀರದ. ಚೊಲೋ ಅದ. ಕುಡೀರಿ."

ಅಪ್ಪ ಎರಡೂ ಕೈಯಿಂದ ತಂಬಿಗೆ ಎತ್ತಿ, ಪೂರ್ತಿ ಕುಡಿದು ಕೆಳಗಿಟ್ಟ.