ಮೀನಿನ ಮೊಟ್ಟೆ ಮತ್ತು ಹೆಚ್ಚಾದ ಒಂದು ತಾಸು

ಯುದ್ಧದ ಆ ವರ್ಷಗಳಲ್ಲಿ ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ತಾಸು ಮುಂದಕ್ಕೆ ತಿರುಗಿಸಿತ್ತು. ವಿಜಾಪುರದ ಕಚೇರಿ, ಕಾಲೇಜು, ಬಸ್ಸು ಎಲ್ಲ ಹೊಸ ಟೈಮಿಗೆ ನಡೆಯುತ್ತಿದ್ದವು. ತಿಕೋಟಾದ ನಮ್ಮ ಮನೆಯಲ್ಲಿ ಅಪ್ಪ ಮಾತ್ರ ತನ್ನ ಕಿಸೆ ಗಡಿಯಾರದ ಮುಳ್ಳು ಮುಟ್ಟಗೊಡಲಿಲ್ಲ. "ಸೂರ್ಯಾ ಏನ್ ಸರ್ಕಾರದ ಚಾಕರಿ ಮಾಡ್ತಾನೇನು?" ಎನ್ನುತ್ತಿದ್ದ.

ನಾನಾಗ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸಹಾಯಕ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಬಾಡಿಗೆ ಕೋಣೆ. ಮುಂಬೈಗೆ ಹೋಗಿ ಸಂಶೋಧನೆ ಮಾಡುವ ಹುಚ್ಚು ತಲೆಗೇರಿತ್ತು. ಅದಕ್ಕೆ ನನ್ನ ಹೆಸರಿನಲ್ಲಿ ಒಂದು ಪ್ರಬಂಧವಾದರೂ ಅಚ್ಚಾಗಿರಬೇಕಿತ್ತು. ನಮ್ಮ ಪ್ರೊಫೆಸರರು ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು: "ಕೆಲಸಾ ನೀ ಮಾಡು, ಬರಿಯೂದು ನಾ ಬರೀತೀನಿ. ಇಬ್ಬರ ಹೆಸರೂ ಹಾಕೂಣು. ನಿಂದ ಮೊದಲ." ನಂಬಿದೆ. ಜೀವಕೋಶ ಅಂದರೆ ಏನೆಂದು ನನಗೆ ಮೊದಲು ತೋರಿಸಿದವರೇ ಅವರು, ನಂಬದೆ ಇರಲು ಕಾರಣವೇ ಇರಲಿಲ್ಲ.

ಮಮದಾಪುರದ ಕೆರೆಯಲ್ಲಿ ಹಾವಿನಂಥ ತಲೆಯ ಒಂದು ಮೀನು ಜೊಂಡಿನ ನಡುವೆ ಮೊಟ್ಟೆಯಿಟ್ಟು ಕಾಯುತ್ತದೆ. ಮಳೆ ಬಿದ್ದ ವಾರ ಅದರ ದಾರಿ ನೋಡುತ್ತ ದಂಡೆಯಲ್ಲಿ ಕೂತೆ. ಮೊಟ್ಟೆಯಿಟ್ಟ ಹೊತ್ತು ಗುರುತು ಹಾಕಲು ಅಪ್ಪನ ಗಡಿಯಾರವನ್ನು ಕಾಡಿ ಬೇಡಿ ತಂದಿದ್ದೆ. ಹೊತ್ತು ಬರೆದುಕೊಂಡು, ಮೊಟ್ಟೆಗಳನ್ನು ಗಡಿಗೆಗೆ ತುಂಬಿಕೊಂಡು ಬಬಲೇಶ್ವರದಲ್ಲಿ ಬಸ್ಸು ಹತ್ತಿದೆ.

"ಏನೈತೋ ಯಪ್ಪಾ ಗಡಿಗ್ಯಾಗ?" ಎಂದಳು ಪಕ್ಕದ ಮುದುಕಿ.

"ಔಷಧದ ನೀರ ಬೇ," ಎಂದೆ. ನಿಜ ಹೇಳಿದ್ದರೆ ನನ್ನನ್ನೂ ಗಡಿಗೆಯನ್ನೂ ಹೊಲದಲ್ಲಿ ಇಳಿಸಿ ಹೋಗುತ್ತಿದ್ದರು.

ಆಮೇಲೆ ಸೂಕ್ಷ್ಮದರ್ಶಕ ಬಿಟ್ಟು ಏಳಲಿಲ್ಲ. ಕೋಶಗಳು ಒಡೆದು ಒಡೆದು ಹೆಚ್ಚಿದವು, ಬೆನ್ನಿನ ಗೆರೆ ಮೂಡಿತು, ಕಣ್ಣು ಕಪ್ಪಾಯಿತು. ಸಾಸಿವೆಗಿಂತ ಸಣ್ಣ ಎದೆ ಬಡಿಯತೊಡಗಿದಾಗ ನಾನು ನಾಚಿಕೆಯಿಲ್ಲದೆ ಅತ್ತೆ. ಒಂದೊಂದು ಹಂತದ ಚಿತ್ರವನ್ನೂ ಬರೆದು, ಪಕ್ಕದಲ್ಲಿ ಪ್ರಯೋಗಶಾಲೆಯ ಗೋಡೆ ಗಡಿಯಾರ ನೋಡಿ ಹೊತ್ತು ಹಾಕಿದೆ. ಎಲ್ಲವನ್ನೂ ಪ್ರೊಫೆಸರರ ಕೈಗೆ ಕೊಟ್ಟೆ.

ತಿಂಗಳ ಮೇಲೆ ಒಂದು ಭಾನುವಾರ ತಿಕೋಟಾದಲ್ಲಿ ಅಪ್ಪನ ಗಡಿಯಾರ ನೋಡಿ ಆರಾಮಾಗಿ ಊಟ ಮಾಡಿ ಹೋದರೆ, ಬಸ್ಸು ಯಾವಾಗಲೋ ಹೋಗಿತ್ತು. ಅಲ್ಲೇ ನಿಂತಲ್ಲಿ ಹೊಳೆಯಿತು. ಮೊಟ್ಟೆಯಿಟ್ಟ ಹೊತ್ತು ಅಪ್ಪನ ಹಳೇ ಟೈಮಿನದು, ಉಳಿದದ್ದೆಲ್ಲ ಕಾಲೇಜಿನ ಹೊಸ ಟೈಮಿನದು! ನನ್ನ ಮೀನುಗಳಿಗೆಲ್ಲ ಒಂದು ತಾಸು ವಯಸ್ಸು ಹೆಚ್ಚಾಗಿತ್ತು.

ಮರುದಿನ ಬೆಳಿಗ್ಗೆ ಪ್ರೊಫೆಸರರ ಮನೆಗೆ ಓಡಿದೆ. ಅವರು ಚಹಾ ಕುಡಿಯುತ್ತ ನಕ್ಕರು. "ಅದಕ್ಯಾಕ ಇಷ್ಟು ಗಾಬರಿ? ಇನ್ನಾ ಕಳಿಸಿಲ್ಲ. ತಿದ್ದಿದ್ರಾತು."

ಕೆಲವು ತಿಂಗಳಿಗೆ ಪ್ರಬಂಧ ಅಚ್ಚಾದ ಪತ್ರಿಕೆ ಬಂತು. ಚಿತ್ರಗಳೆಲ್ಲ ನನ್ನವು. ಹೆಸರು ಅವರೊಬ್ಬರದೇ. ಆ ಒಂದು ತಾಸಿನ ತಪ್ಪೂ ಹಾಗೆಯೇ ಇತ್ತು. ಪ್ರಬಂಧ ಪತ್ರಿಕೆಗೆ ತಲುಪಿದ ದಿನವನ್ನು ಕೆಳಗೆ ಅಚ್ಚು ಹಾಕಿದ್ದರು. ನಾನು ಅವರ ಮನೆಗೆ ಓಡಿದ್ದಕ್ಕಿಂತ ಎರಡು ವಾರ ಮೊದಲಿನದು ಅದು. ಅಂದರೆ ಅವರು ಚಹಾ ಕುಡಿಯುತ್ತ ನನ್ನ ಮುಖ ನೋಡಿ ಸುಳ್ಳು ಹೇಳಿದ್ದರು. ಹೆಸರು ಹೋದದ್ದಕ್ಕಿಂತ ಆ ನಗು ನನ್ನನ್ನು ಹೆಚ್ಚು ಉರಿಸಿತು. ಇವತ್ತಿಗೂ ಉರಿಸುತ್ತದೆ.

ಮುಂಬೈಯ ಅರ್ಜಿ ಪೆಟ್ಟಿಗೆಯಲ್ಲೇ ಉಳಿಯಿತು. ಅಷ್ಟರಲ್ಲಿ ಕಲ್ಕತ್ತೆಯ ವಿಜ್ಞಾನಿಯೊಬ್ಬರು ಪ್ರೊಫೆಸರರಿಗೆ ಕಾಗದ ಬರೆದರು: ಇದೇ ಮೀನು ನಮ್ಮಲ್ಲಿ ಪ್ರತಿ ಹಂತವನ್ನೂ ಒಂದು ತಾಸು ಮುಂಚೆ ಮುಟ್ಟುತ್ತದೆ, ನಿಮ್ಮಲ್ಲಿ ಯಾಕೆ ತಡ? ಪ್ರೊಫೆಸರರು ಕಾಗದವನ್ನು ನನ್ನ ಮುಂದೆ ಸರಿಸಿದರು. "ಏನೋ ತಕರಾರ ತಗದಾರ. ನೀನ ನೋಡಿದಾಂವ, ಉತ್ತರ ಬರದು ಕೊಡು."

"ಹೆಸರು ನಿಮ್ದೈತ್ರಿ, ನೀವ ಬರೀರಿ," ಎನ್ನಬೇಕಿತ್ತು. ಬಾಯಿತನಕ ಬಂದಿತ್ತು. ಆದರೆ ಜೊಂಡಿನಲ್ಲಿ ಮೊಟ್ಟೆ ಕಾಯುತ್ತಿದ್ದ ಆ ಮೀನು ನನಗೇನು ಮೋಸ ಮಾಡಿತ್ತು? ಅದರ ಬಗ್ಗೆ ಲೋಕದಲ್ಲಿ ಸುಳ್ಳು ಉಳಿಯುವುದು ಬೇಡವೆಂದು ಅಲ್ಲೇ ಕೂತು ಪತ್ರಿಕೆಗೆ ತಿದ್ದುಪಡಿ ಬರೆದುಕೊಟ್ಟೆ. ಅವರು ಕೊನೆಗೆ ಒಂದು ಸಾಲು ಸೇರಿಸಿ ಸಹಿ ಹಾಕಿದರು. ಯಾವ ಸಾಲೆಂದು ಅಚ್ಚಾಗಿ ಬಂದ ಮೇಲೆಯೇ ನೋಡಿದೆ.

ಮುಂದೆ ನನ್ನ ಹೆಸರಿನಲ್ಲಿ ಎಷ್ಟೋ ಪ್ರಬಂಧಗಳು ಬಂದವು. ಆದರೆ ವಿಜ್ಞಾನದ ಪತ್ರಿಕೆಯಲ್ಲಿ ನಾನು ಮೊದಲು ಕಾಣಿಸಿಕೊಂಡದ್ದು ಆ ಸಾಲಿನಲ್ಲಿ: "ಈ ತಪ್ಪಿಗೆ ನನ್ನ ಸಹಾಯಕನ ಅಜಾಗರೂಕತೆಯೇ ಕಾರಣ."