ನಾಯಿಗಳು ಅಂತ ಬರೀರಿ

ನಮ್ಮ ಓಣಿಯಲ್ಲಿ ಯಾರಿಗೆ ಯಾವ ಅರ್ಜಿ ಬೇಕಾದರೂ ನಾನೇ ಬರೆಯಬೇಕು. ನಳ ಬರದಿದ್ದರೆ, ಕಂಬದ ದೀಪ ಕೆಟ್ಟರೆ, ರೇಷನ್ ಕಾರ್ಡಿನಲ್ಲಿ ಸೊಸೆಯ ಹೆಸರು ಬಿಟ್ಟುಹೋದರೆ ಎಲ್ಲರೂ ನಮ್ಮ ಕಟ್ಟೆಗೆ ಬಂದು ಕೂಡುತ್ತಾರೆ. ತಾವರಗೇರಾ ದಾರಿಯ ಸರ್ಕಾರಿ ಶಾಲೆಯಲ್ಲಿ ಮೂರನೇ ಇಯತ್ತೆಗೆ ಕನ್ನಡ ಕಲಿಸುವವಳು ನಾನು. ಅಕ್ಕಾರು ಬರೆದರೆ ಕೆಲಸ ಆಗುತ್ತದೆ ಎಂದು ಅವರ ನಂಬಿಕೆ. ನಾನು ಬರೆದ ಎಷ್ಟು ಅರ್ಜಿಗೆ ನಳ ಬಂದಿದೆ ಎಂದು ಇದುವರೆಗೆ ಯಾರೂ ಕೇಳಿಲ್ಲ, ಅದೇ ನನ್ನ ಪುಣ್ಯ.

ಎದುರುಮನೆಯ ದರ್ಜಿ ಚಾಚಾ ಬೆಳಗಿನ ನಮಾಜು ಮುಗಿಸಿ ಬರುವಾಗ ನಾಯಿ ಅವರ ಮೀನಖಂಡ ಹಿಡಿಯಿತು. ಓಣಿಯ ತುದಿಗೆ ಬಿದ್ದುಹೋದ ಗೋಡೆಯೊಂದರ ಹಿಂದೆ ಮರಿ ಹಾಕಿದ್ದ ಕೆಂಪು ನಾಯಿ ಅದು, ಆ ಕಡೆ ಹೆಜ್ಜೆಯಿಟ್ಟವರನ್ನೆಲ್ಲ ಅಟ್ಟಿಸಿಕೊಂಡು ಬರುತ್ತಿತ್ತು. ಚಾಚಾ ದವಾಖಾನೆಯಲ್ಲಿ ಸೂಜಿ ಮಾಡಿಸಿಕೊಂಡು, ಕುಂಟುತ್ತ ನಮ್ಮ ಕಟ್ಟೆಗೆ ಬಂದು, ಪೈಜಾಮ ಎತ್ತಿ ಗಾಯ ತೋರಿಸಿದರು. ಅಯ್ಯೋ ಎನ್ನಬೇಕು ಎಂದು ನನಗೆ ನೆನಪಾಯಿತು. ಅಯ್ಯೋ ಎಂದೆ.

ಆ ವರ್ಷ ನನಗೆ ಯಾವುದೂ ತಟ್ಟುತ್ತಿರಲಿಲ್ಲ. ಅತ್ತೆಗೆ ಲಕ್ವಾ ಹೊಡೆದು ಎಂಟು ತಿಂಗಳಾಗಿತ್ತು. ಬಲಗೈ ಪೂರ್ತಿ ಬಿದ್ದುಹೋಗಿತ್ತು, ಎಡಗೈ ನಡುಗುತ್ತಿತ್ತು, ಮಾತು ದಿನಕ್ಕೆ ನಾಲ್ಕೋ ಐದೋ. ಗಂಡ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವರು, ಭಾನುವಾರ ಬಂದು ಸೋಮವಾರ ಹೋಗುವವರು. ಅತ್ತೆಯನ್ನು ಎಬ್ಬಿಸಿ, ಮೈ ತೊಳೆದು, ಸೀರೆ ಸುತ್ತಿ, ಉಣಿಸಿ ಬಸ್ಸು ಹಿಡಿಯುವಷ್ಟರಲ್ಲಿ ನಾನು ಖಾಲಿಯಾಗಿರುತ್ತಿದ್ದೆ. ಹಗಲಿಗೆ ಚಾಚಾನ ಹೆಂಡತಿ ಬಂದು ಅತ್ತೆಯನ್ನು ನೋಡಿಕೊಳ್ಳುತ್ತಿದ್ದರು. ಹಾಗಿರುವಾಗ ಅರ್ಜಿ ಬರೆಯಲಾರೆ ಎನ್ನುವ ಬಾಯಿ ನನಗೆಲ್ಲಿತ್ತು?

ಅತ್ತೆಗೂ ಒಂದು ನಾಯಿ ಇತ್ತು. ಸಾಕಿದ್ದಲ್ಲ, ತಾನೇ ಬರುತ್ತಿದ್ದ ಬಿಳಿ ನಾಯಿ. ಸಂಜೆ ಅವರನ್ನು ಕಟ್ಟೆಯ ಮೇಲೆ ಕೂರಿಸಿದರೆ ಎಲ್ಲಿದ್ದರೂ ಬಂದು ನಿಲ್ಲುತ್ತಿತ್ತು. ಅತ್ತೆ ಎಡಗೈಯಲ್ಲಿ ರೊಟ್ಟಿಯ ಚೂರು ಹಿಡಿದರೆ, ಕೈ ಅತ್ತಿತ್ತ ಆಡಿದಂತೆಲ್ಲ ತಾನೂ ಮುಖ ಆಡಿಸುತ್ತ, ಬೆರಳಿಗೆ ಹಲ್ಲು ತಾಗಿಸದೆ ತೆಗೆದುಕೊಳ್ಳುತ್ತಿತ್ತು. ದಿನದಲ್ಲಿ ಅತ್ತೆ ತಾವಾಗಿ ಮಾಡುತ್ತಿದ್ದ ಕೆಲಸ ಅದೊಂದೇ. ನಾನು ಉಣಿಸಹೋದರೆ ಮುಖ ತಿರುಗಿಸುತ್ತಿದ್ದವರು ನಾಯಿಗೆ ಉಣಿಸುವಾಗ ನಗುತ್ತಿದ್ದರು. ನನಗೆ ಹೊಟ್ಟೆಕಿಚ್ಚೂ ಆಗುತ್ತಿರಲಿಲ್ಲ.

ನಾನು ಬರೆದ ಅರ್ಜಿಯಲ್ಲಿ ಇದ್ದದ್ದು ಒಂದೇ ನಾಯಿ. ಬಿದ್ದ ಗೋಡೆಯ ಹಿಂದಿನ ಕೆಂಪು ನಾಯಿಯನ್ನು ಹಿಡಿದೊಯ್ಯಬೇಕು ಎಂದು ಗುರುತು ಸಹಿತ ಬರೆದಿದ್ದೆ. ಪಂಚಾಯಿತಿ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವವರು ಓದಿ, ಪಾಪ, ನನ್ನ ಒಳ್ಳೆಯದಕ್ಕೇ ಹೇಳಿದರು. "ಒಂದ ನಾಯಿ ಸಲುವಾಗಿ ಕೊಪ್ಪಳದಿಂದ ಗಾಡಿ ಬರೂದಿಲ್ರಿ ಅಕ್ಕಾರ. ನಾಯಿಗಳು ಅಂತ ಬರೀರಿ."

ಅಲ್ಲೇ ನಿಂತು ಕೆಂಪು ಎನ್ನುವುದನ್ನು ಹೊಡೆದುಹಾಕಿದೆ. ನಾಯಿಗೆ ಗಳು ಸೇರಿಸಿದೆ. ಅದೇ ವಾರ ಮಕ್ಕಳಿಗೆ ಏಕವಚನ ಬಹುವಚನ ಕಲಿಸುತ್ತಿದ್ದವಳು ನಾನು, ಗಳು ಬಿಟ್ಟವರಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದವಳು. ಗಳು ಹಚ್ಚಿದರೆ ಏನಾಗುತ್ತದೆ ಎಂದು ಗೊತ್ತಿಲ್ಲ ಎನ್ನುವಂತಿಲ್ಲ.

ನಾಯಿ ಹಿಡಿಯುವ ಗಾಡಿ ಬಂದದ್ದು ನನಗೆ ಸೂಟಿ ಇದ್ದ ದಿನ, ಮುಂಜಾನೆ. ಅದು ಓಣಿಯ ತಿರುವಿಗೆ ಬರುವ ಮೊದಲೇ ಕೆಂಪು ನಾಯಿ ಹೊಲದ ಕಡೆ ಪರಾರಿ. ಕಚ್ಚುವ ನಾಯಿಗೆ ಬುದ್ಧಿ ಜಾಸ್ತಿ. ಖಾಟಿಕರ ಮಾಂಸದ ಅಂಗಡಿಯ ಮುಂದೆ ಎರಡು ಸಿಕ್ಕವು. ಆಮೇಲೆ ಬಲೆ ಹಿಡಿದವನೊಬ್ಬ ನಮ್ಮ ಬಾಗಿಲಿಗೆ ಬಂದ. ಅತ್ತೆ ಒಳಗೆ ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂತಿದ್ದರು, ಒಲೆಯ ಮೇಲೆ ನೀರು ಕಾಯುತ್ತಿತ್ತು.

"ಅರ್ಜಿ ನಿಮ್ದಲ್ರಿ? ಬಿಳೇದೊಂದು ಸಂದ್ಯಾಗ ಹೊಕ್ಕೊಂಡೈತಿ, ನಮಗ ಬರವಲ್ದು. ನೀವು ಕರದ್ರ ಬರತೈತಿ ನೋಡ್ರಿ."

ಅದಲ್ಲ ಎನ್ನಬಹುದಿತ್ತು. ಹಚಾ ಎಂದು ಒಂದು ಸಲ ಗದರಿದ್ದರೂ ಅದು ಓಡಿಹೋಗುತ್ತಿತ್ತು. ಇವತ್ತಿಗೂ ಯಾಕೆ ಅನ್ನಲಿಲ್ಲ ಎಂದು ಕೇಳಿಕೊಂಡರೆ ಸಿಗುವ ಉತ್ತರ ಒಂದೇ. ನೀರು ಕುದಿಯುತ್ತಿತ್ತು, ಆ ಮನುಷ್ಯ ಬಾಗಿಲಿನಿಂದ ಹೋದರೆ ಸಾಕಾಗಿತ್ತು. ಬುಟ್ಟಿಯಿಂದ ರೊಟ್ಟಿ ಮುರಿದುಕೊಂಡು ಕಟ್ಟೆಯ ಮೇಲೆ ಕೂತೆ, ಅತ್ತೆ ಕೂಡುವ ಜಾಗದಲ್ಲೇ. ಕೈ ಚಾಚಿ ಬಾ ಬಾ ಎಂದೆ. ಬಾಲ ಆಡಿಸುತ್ತ ಬಂತು. ಚೂರು ಬಾಯಿಗೆ ತೆಗೆದುಕೊಳ್ಳುವಾಗ ಬಲೆ ಬಿತ್ತು, ಒಂದು ಸಲ ಚೀರಿತು. ನಾನು ಎದ್ದು ಒಳಗೆ ಹೋಗಿ ನೀರಿಗೆ ತಣ್ಣೀರು ಬೆರೆಸಿ ಅತ್ತೆಯ ತಲೆಗೆ ಎರೆದೆ. ಹೊರಗೆ ಏನದು ಎಂಬಂತೆ ಅವರು ಹುಬ್ಬೆತ್ತಿದಾಗ ಏನಿಲ್ಲ ಎಂದೆ. ಎದೆಯಲ್ಲಿ ಏನಾದರೂ ಆಯಿತೇ ಎಂದರೆ, ಇಲ್ಲ, ಆಗಲಿಲ್ಲ.

ಮುಂದಿನ ಸಂಜೆಗಳಲ್ಲಿ ಅತ್ತೆ ಚೂರು ಹಿಡಿದು ಓಣಿ ನೋಡುತ್ತ ಕೂತಿರುತ್ತಿದ್ದರು. ಎಲ್ಲೋ ಹೋಗಿರಬೇಕು, ಬರುತ್ತದೆ ಎಂದು ನಾನು ಹೇಳುತ್ತಿದ್ದೆ. ಸುಳ್ಳೂ ಆಗಲಿಲ್ಲ. ಆಪರೇಷನ್ ಮಾಡಿ, ಹುಚ್ಚು ಹಿಡಿಯದ ಹಾಗೆ ಸೂಜಿ ಹಾಕಿ, ಹಿಡಿದಲ್ಲೇ ತಂದು ಬಿಡುವುದು ಕಾನೂನಂತೆ. ಹತ್ತು ದಿನಕ್ಕೆ ಮೂರೂ ವಾಪಸು ಬಂದವು, ಆಪರೇಷನ್ ಆದ ಗುರುತಿಗೆ ಒಂದು ಕಿವಿಯ ತುದಿ ಕತ್ತರಿಸಿಕೊಂಡು. ಅಷ್ಟರಲ್ಲಿ ಕೆಂಪು ನಾಯಿಯೂ ತನ್ನ ಗೋಡೆಗೆ ಬಂದು ಸೇರಿತ್ತು. ಚಾಚಾ ಈಗ ಸುತ್ತು ಹಾಕಿ ಮಸೀದಿಗೆ ಹೋಗುತ್ತಾರೆ. ಅರ್ಜಿ ಛಲೋ ಕೆಲಸ ಮಾಡ್ತು ಅಂತ ನನಗೇ ಹೇಳುತ್ತಾರೆ.

ಬಿಳಿ ನಾಯಿಯನ್ನು ಕಂಡು ಅತ್ತೆಯ ಮುಖ ಅರಳಿತು. ರೊಟ್ಟಿಯ ಚೂರು ಚಾಚಿದರು. ನಾಯಿ ಓಣಿಯ ನಡುವೆ ನಿಂತು ಆ ಕೈ ನೋಡಿತು, ಬಾಲ ಕಾಲಸಂದಿಗೆ ಎಳೆದುಕೊಂಡು ಹಿಂದಕ್ಕೆ ಸರಿಯಿತು. ಬೇರೆ ಮನೆಯವರು ನೆಲಕ್ಕೆ ಎಸೆದದ್ದನ್ನು ತಿನ್ನುತ್ತಿತ್ತು. ಕೈಯಲ್ಲಿ ಹಿಡಿದದ್ದಕ್ಕೆ ಮಾತ್ರ ಹತ್ತಿರ ಬರುತ್ತಿರಲಿಲ್ಲ. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ.

ನಾಲ್ಕನೆಯ ಸಂಜೆ ಅತ್ತೆ ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಅದನ್ನೇ ಬಹಳ ಹೊತ್ತು ನೋಡಿದರು. ತಿಂಗಳುಗಳಿಂದ ಅವರ ಬಾಯಲ್ಲಿ ಅಷ್ಟು ಉದ್ದದ ಮಾತು ನಾನು ಕೇಳಿರಲಿಲ್ಲ, ಒಂದೊಂದೇ ಶಬ್ದ ತಡವರಿಸುತ್ತ ಬಂತು.

"ನನ್ನ ಕೈ ಭಾಳ ನಡಗತೈತಿ ಯವ್ವಾ. ಅದಕ್ಕ ಅಂಜತೈತಿ ಅದು."

"ಹೌದ್ರಿ ಅತ್ತಿ," ಎಂದೆ.