ಎಣ್ಣೆಗಪ್ಪು

ಹೊರಮಾವಿನ ಮುನಿಆಂಜನಪ್ಪನವರ ಮಗಳು ಪದ್ಮಶ್ರೀ, ಪುಲಿಕೇಶಿನಗರದ ಅಹ್ಮದ್ ಪಾಷಾ ಅವರ ಫೋಟೋ ಸ್ಟುಡಿಯೋಗೆ ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಎರಡನೆಯ ಇಸವಿಯಲ್ಲಿ. ಆ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ಅವಳೇ. ಪಾಷಾ ಬಹಳ ಕಾಲ ಹಳೆಯ ಫೋಟೋಗಳನ್ನು ಕುಂಚ ಹಿಡಿದು ತಿದ್ದಿದವರು. ಕೈ ನಡುಗಲು ಶುರುವಾದ ಮೇಲೆ ಕಂಪ್ಯೂಟರ್ ತಂದಿಟ್ಟರು. ಪದ್ಮಶ್ರೀ ಕಾಲೇಜಿನಲ್ಲಿ ಕಲಿತದ್ದನ್ನು ನೆಚ್ಚಿಕೊಂಡು ಅದಕ್ಕೊಂದು ಪ್ರೋಗ್ರಾಂ ಬರೆದಳು. ಪುಟ್ಟ ಚೌಕದಲ್ಲಿ ಅಂಕಿಯೊಂದನ್ನು ಟೈಪ್ ಮಾಡಿ ಗುಂಡಿ ಒತ್ತಿದರೆ ಫೋಟೋ ಅಷ್ಟು ಬೆಳ್ಳಗಾಗುತ್ತಿತ್ತು, ಇಲ್ಲವೇ ಅಷ್ಟು ಕಪ್ಪಗಾಗುತ್ತಿತ್ತು.

ಸ್ಟುಡಿಯೋದಲ್ಲಿ ಒಂದು ರೂಢಿಯಿತ್ತು. ತೀರಿಹೋದವರ ಫೋಟೋ ಬಂದರೆ, ಯಾರೂ ಕೇಳದಿದ್ದರೂ ಮುಖವನ್ನು ಬೆಳ್ಳಗೆ ಮಾಡುವುದು. "ಹಾರ ಹಾಕೋ ಫೋಟೋ ಬೇಟಿ. ಕಪ್ಪಗಿದ್ರೆ ಮನೆಯೋರು ಬೇಜಾರ್ ಮಾಡ್ಕೋತಾರೆ" ಎಂದು ಪಾಷಾ ಮೊದಲೇ ಹೇಳಿಕೊಟ್ಟಿದ್ದರು.

ಹೀಗಿರುವಾಗ ಮರ್ಫಿ ಟೌನಿನ ವೆಂಕಟಮ್ಮ ಬಂದರು. ಹಲಸೂರಿನ ಮೆಸ್ಸೊಂದರಲ್ಲಿ ಅಡುಗೆ ಮಾಡುವ ಹೆಂಗಸು. ಗಂಡ ಸಂಜೀವಪ್ಪ ಹೋಗಿ ವರ್ಷ ತುಂಬುತ್ತಿತ್ತು. ಪೂಜೆಗೆ ಇಡಲು ಫೋಟೋ ಬೇಕಿತ್ತು. ಇದ್ದದ್ದು ಒಂದೇ ಒಂದು. ನಾದಿನಿಯ ಮದುವೆಯ ಗುಂಪಿನಲ್ಲಿ, ಶಾಮಿಯಾನದ ನೆರಳಿಗೆ ಸರಿದು ನಿಂತದ್ದು. ಪದ್ಮಶ್ರೀ ಆ ಮುಖವನ್ನು ಬಿಡಿಸಿ, ದೊಡ್ಡದು ಮಾಡಿ, ರೂಢಿಯಂತೆ ಬೆಳ್ಳಗೆ ಮಾಡಿ ತೋರಿಸಿದಳು.

"ಇದ್ಯಾರಮ್ಮ, ಯಾರೋ ಸೇಟು ಇದ್ದಂಗವ್ರೆ?" ಎಂದರು ವೆಂಕಟಮ್ಮ.

"ನಿಮ್ಮ ಯಜಮಾನ್ರೇ ಅಮ್ಮ. ಸ್ವಲ್ಪ ಕಲರ್ ಮಾಡಿದ್ದೀನಿ."

"ಅವ್ರಿಗ್ಯಾಕಮ್ಮ ಕಲರ್ರು? ಅವ್ರು ಎಣ್ಣೆಗಪ್ಪು. ಸ್ನಾನ ಮಾಡ್ಕೊಂಡ್ ಬಂದ್ರೆ ಮಿಂಚೋರು. ಕರೆಂಟ್ ಹೋದಾಗ 'ನಿನ್ ಗಂಡನ್ನ ನಗ್ಸೇ, ಎಲ್ಲವ್ರೆ ಅಂತ ಗೊತ್ತಾಗ್ಲಿ' ಅಂತ ನಮ್ಮಕ್ಕ ರೇಗ್ಸೋಳು."

ಪದ್ಮಶ್ರೀ ನಾಚಿ ಬೇರೆ ಅಂಕಿ ಟೈಪ್ ಮಾಡಿದಳು. ವೆಂಕಟಮ್ಮ "ಒಂದು ಚಿಟಿಕೆ ಇಳ್ಸು" ಎಂದರು. ಅಡುಗೆಯವರ ಚಿಟಿಕೆ ಕಂಪ್ಯೂಟರಿನಲ್ಲಿ ಎಷ್ಟಾಗುತ್ತದೆಂದು ಅವಳಿಗೇನು ಗೊತ್ತು? ಅಂದಾಜಿನಲ್ಲಿ ಇಳಿಸಿದಳು. ಪ್ರತಿ ಸಲವೂ ಪರದೆ ಖಾಲಿಯಾಗಿ, ಫೋಟೋ ಮೇಲಿನಿಂದ ಕೆಳಗೆ ನಿಧಾನವಾಗಿ ಮೂಡುತ್ತಿತ್ತು. ಹೊಸದು ಬರುವಷ್ಟರಲ್ಲಿ ಹಿಂದಿನದು ಹೇಗಿತ್ತೆಂಬುದೇ ಮರೆಯುತ್ತಿತ್ತು.

"ಆಗ್ಲೇ ಇದ್ದಿದ್ದೇ ಸರಿಯೇನೋ. ಅದಲ್ಲ, ಅದ್ರ ಹಿಂದಿಂದು…" ವೆಂಕಟಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಒಂದು ವರ್ಷಕ್ಕೇ ನಂಗೆ ಅವ್ರ ಮುಖ ಮರ್ತೋಯ್ತೇನಮ್ಮ?"

ಪದ್ಮಶ್ರೀ ಪರದೆಯ ಮೇಲಿನ ಫೋಟೋ ಮುಚ್ಚಿದಳು. ನಾಳಿದ್ದು ಬರಲು ಹೇಳಿ ಕಳುಹಿಸಿದಳು.

ಹೊರಮಾವಿನ ಬಸ್ಸಿನಲ್ಲಿ ಕಿಟಕಿಗೆ ಒರಗಿ ಕುಳಿತಾಗಲೂ ಆ ಮಾತು ಬಿಡಲಿಲ್ಲ. ಆಕೆ ಮರೆತಿಲ್ಲ, ನಾನೇ ಆಕೆಯನ್ನು ದಿಕ್ಕು ತಪ್ಪಿಸುತ್ತಿದ್ದೇನೆ ಎನಿಸಿತು. ಹದ ಗೊತ್ತಿರುವುದು ಆಕೆಗೆ. ಅಂಕಿ ಹಾಕುತ್ತಿರುವುದು ನಾನು.

ಮರುದಿನ ಬಂದವಳೇ ಆ ಚೌಕವನ್ನು ತೆಗೆದು ಸ್ಲೈಡರ್ ಕೂರಿಸಿದಳು: ಒಂದು ಗೆರೆ, ಅದರ ಮೇಲೆ ಅತ್ತಿತ್ತ ಎಳೆಯಬಹುದಾದ ಒಂದು ಬಿಲ್ಲೆ. ಎಳೆದಂತೆಲ್ಲ ಮುಖ ಬದಲಾಗಬೇಕು. ಬದಲಾಯಿತು, ಆದರೆ ನಾಲ್ಕು ಸಲ ಎಳೆದಾಡುವಷ್ಟರಲ್ಲಿ ಕಣ್ಣು ಮೂಗು ಅಳಿಸಿ, ಸುಣ್ಣ ಬಳಿದ ಗೋಡೆಯಂತಾಯಿತು. ತಿದ್ದಿದ ಫೋಟೋವನ್ನೇ ಪ್ರೋಗ್ರಾಂ ಮತ್ತೆ ಮತ್ತೆ ತಿದ್ದುತ್ತಿತ್ತು. ಪದ್ಮಶ್ರೀ ಮೂಲ ಫೋಟೋವನ್ನು ಬೇರೆಯಾಗಿ ಇಟ್ಟು, ಪ್ರತಿ ಎಳೆತಕ್ಕೂ ಅದರಿಂದಲೇ ಹೊಸದಾಗಿ ಲೆಕ್ಕ ಶುರುವಾಗುವಂತೆ ಬರೆದಳು. ಯಂತ್ರ ತಡವರಿಸದಿರಲೆಂದು ಎಳೆಯುವಾಗ ಚಿಕ್ಕ ಪ್ರತಿಯನ್ನಷ್ಟೇ ತೋರಿಸಿದಳು. ಊಟದ ಡಬ್ಬಿ ಸಂಜೆಗೆ ತೆರೆದಳು.

ವೆಂಕಟಮ್ಮ ಬಂದಾಗ ಮೌಸನ್ನು ಅವರ ಕೈಗೇ ಕೊಟ್ಟಳು.

"ನಾನ್ ಮುಟ್ಟಿ ಕೆಟ್ಟೋದ್ರೆ?"

"ಕೆಡಲ್ಲಮ್ಮ. ಅವರು ಒಳಗೆ ಹಾಗೇ ಇರ್ತಾರೆ. ನೀವು ಎಷ್ಟು ಎಳೆದ್ರೂ ಏನೂ ಆಗಲ್ಲ."

ಮೊದಲ ಎಳೆತಕ್ಕೆ ಸಂಜೀವಪ್ಪ ಬೆಳ್ಳಗಾದರು. "ಪೌಡರ್ ಡಬ್ಬಿಗೆ ಬಿದ್ದಂಗವ್ರೆ" ಎಂದು ವೆಂಕಟಮ್ಮ ನಕ್ಕರು. ಇನ್ನೊಂದು ಕಡೆಗೆ ಎಳೆದಾಗ ಮುಖ ಕತ್ತಲಲ್ಲಿ ಮುಳುಗಿತು. ಅವರು ಬೆಚ್ಚಿ ಕೈ ಬಿಟ್ಟರು.

"ಹೋಗ್ಬಿಟ್ರಲ್ಲಮ್ಮ."

"ಎಲ್ಲೂ ಹೋಗಿಲ್ಲ. ನಿಧಾನಕ್ಕೆ ವಾಪಸ್ ಎಳೀರಿ."

ವೆಂಕಟಮ್ಮ ಉಸಿರು ಬಿಗಿಹಿಡಿದು ಎಳೆದರು. ಕತ್ತಲಿನಿಂದ ಮೊದಲು ಹಣೆ ಮೂಡಿತು, ಆಮೇಲೆ ಕೆನ್ನೆಯ ಮೂಳೆ, ಮೀಸೆಯ ಅಂಚು. ಒಂದು ಕಡೆ ಕೈ ತಾನಾಗಿ ನಿಂತಿತು. ಕಪ್ಪು ಕೆನ್ನೆಯ ಮೇಲೆ ತೆಳ್ಳಗೆ ಒಂದು ಮಿಂಚಿತ್ತು.

"ಇವ್ರೇ" ಎಂದರು. ಅಷ್ಟೇ ಅಂದು, ಹೆಗಲ ಮೇಲಿನ ಸೆರಗನ್ನು ಸರಿಪಡಿಸಿಕೊಂಡರು.

ಪದ್ಮಶ್ರೀ ಪ್ರಿಂಟ್ ಹಾಕಲು ಕೈ ಚಾಚಿದಳು. "ಇರು ಮಗಾ, ಒಂಚೂರು ಹಿಂಗೇ ಇರ್ಲಿ" ಎಂದರು ವೆಂಕಟಮ್ಮ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ಪಾಸ್‌ಪೋರ್ಟ್ ಫೋಟೋಗೆ ಬಂದವರೊಬ್ಬರು ಬಾಗಿಲಲ್ಲಿ ನಿಂತು ಅವಸರ ಮಾಡಿದರು. ಪಾಷಾ ಬೆಂಚು ತೋರಿಸಿ ತಗ್ಗಿದ ದನಿಯಲ್ಲಿ ಹೇಳಿದರು:

"ಸ್ವಲ್ಪ ಕೂತ್ಕೊಳ್ಳಿ ಸಾರ್. ಅಮ್ಮೋರ ಯಜಮಾನ್ರು ಬಂದವ್ರೆ."